ಗೋಧಿ ಬರ್ಬನ್: ದರಪಟ್ಟಿಯಲ್ಲಿ ವಿವರವಿರಲಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ದುಬಾರಿ ವಿಸ್ಕಿಗಳ ಬಗ್ಗೆ ಬಂದ ಲೇಖನದಲ್ಲಿ ಪ್ಯಾಪಿ ವ್ಯಾನ್ ವಿಂಕಲ್ ಎಂಬ ಗೋಧಿ ಬರ್ಬನ್ ಬಾಟಲಿಯ ಬೆಲೆಯ ವರ್ಣನೆ ಸಾಕಷ್ಟಿತ್ತು. ಆ ಬೆಲೆ ಹೇಗೆ ಬಂತು, ಅದೇ ಬಗೆಯ ಅಗ್ಗದ ಬಾಟಲಿಗಳು ಯಾವುವು ಎಂಬುದು ಮಾತ್ರ ಇರಲಿಲ್ಲ. ಮುಂಬಯಿಯಲ್ಲಿ ಪರ್ಮಿಟ್ ರೂಮ್ (ಬಾರ್) ನಡೆಸುವವರಲ್ಲಿ ನಮ್ಮ ಕರಾವಳಿಯವರು ಬಹಳ ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬ. ಗಿರಾಕಿಗಳು ದಿನವೂ ಕೇಳುವ ವಿಷಯವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬರ್ಬನ್ ಅಮೆರಿಕದ ಒಂದು ಬಗೆಯ ವಿಸ್ಕಿ. ಆ ಹೆಸರು ಪಡೆಯಲು ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳವಿರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಅದು ಮಾಗಬೇಕು, ಬಣ್ಣವನ್ನಾಗಲಿ ರುಚಿಯನ್ನಾಗಲಿ ಹೊರಗಿನಿಂದ ಸೇರಿಸಬಾರದು. ಉಳಿದ ಪಾಲಿನಲ್ಲಿ ಸಾಮಾನ್ಯವಾಗಿ ರೈ ಧಾನ್ಯವೂ ಮೊಳಕೆ ಬರಿಸಿದ ಬಾರ್ಲಿಯೂ ಇರುತ್ತವೆ. ರೈ ಬದಲು ಗೋಧಿ ಹಾಕಿದರೆ ಅದೇ ಗೋಧಿ ಬರ್ಬನ್. ರೈ ಕೊಡುವ ಮೆಣಸಿನಂಥ ಖಾರ ಇದರಲ್ಲಿ ಇಲ್ಲದಿರುವುದರಿಂದ ಪೀಪಾಯಿಯ ಸಿಹಿ ನೇರವಾಗಿ ನಾಲಿಗೆಗೆ ಸಿಗುತ್ತದೆ.

ವ್ಯಾನ್ ವಿಂಕಲ್ ಹೆಸರಿಗೆ ಕೀರ್ತಿ ತಂದದ್ದು 1935ರಲ್ಲಿ ಕೆಂಟಕಿಯ ಲೂಯಿವಿಲ್ ಬಳಿ ಆರಂಭವಾದ ಸ್ಟಿಟ್ಜೆಲ್-ವೆಲ್ಲರ್ ಕಾರ್ಖಾನೆ. ಅಲ್ಲಿ ಭಟ್ಟಿ ಇಳಿಸುವುದು 1992ರಲ್ಲೇ ನಿಂತಿತು. 2002ರಲ್ಲಿ ವ್ಯಾನ್ ವಿಂಕಲ್ ಕುಟುಂಬ ಬಫಲೋ ಟ್ರೇಸ್ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡಿತು, ಅದೇ ಕಾರ್ಖಾನೆಯಲ್ಲಿ ಅದೇ ಗೋಧಿ ಪಾಕದಿಂದ, ಅಂದರೆ ಅದೇ ಧಾನ್ಯ ಮಿಶ್ರಣದಿಂದ, ತಯಾರಾಗುವುದೇ ವೆಲ್ಲರ್ ಎಂಬ ಬರ್ಬನ್. ಎರಡನ್ನೂ ಪಕ್ಕದಲ್ಲಿಟ್ಟು ಲೇಬಲ್ ಓದಿ ನೋಡಿ. ವ್ಯಾನ್ ವಿಂಕಲ್‌ನ 12 ವರ್ಷದ ಬಾಟಲಿಯಲ್ಲಿ ಮದ್ಯಸಾರ ಶೇ 45.2, ವೆಲ್ಲರ್‌ನ 12 ವರ್ಷದ್ದರಲ್ಲಿ ಶೇ 45. ವ್ಯಾನ್ ವಿಂಕಲ್‌ನದೇ ಓಲ್ಡ್ ರಿಪ್ 10 ವರ್ಷದ್ದು ಶೇ 53.5, ವೆಲ್ಲರ್ ಆ್ಯಂಟಿಕ್ ಕೂಡ ಅಷ್ಟೇ, ಆದರೆ ಅದರ ಮೇಲೆ ವಯಸ್ಸು ನಮೂದಾಗಿಲ್ಲ. ವ್ಯಾನ್ ವಿಂಕಲ್‌ಗೆ ಪೀಪಾಯಿಗಳನ್ನು ಆರಿಸಿ ತೆಗೆಯುತ್ತಾರೆ ಎಂಬುದು ನಿಜ, ಆ ಆಯ್ಕೆಗೆ ಬೆಲೆ ಕೊಡಲೂಬೇಕು. ಆದರೆ ಮರುಮಾರಾಟದಲ್ಲಿ ಕಾಣುವ ಹಲವು ಪಟ್ಟು ಅಂತರಕ್ಕೆ ಕಾರಣ ಬಾಟಲಿಗಳ ಕೊರತೆಯೇ ಹೊರತು ರುಚಿಯಲ್ಲ.

ಹೆಚ್ಚು ಮಾಗಿದಷ್ಟೂ ಒಳ್ಳೆಯದೆಂಬ ನಂಬಿಕೆ ಸ್ಕಾಚ್ ಕುಡಿದು ಬಂದವರಲ್ಲಿ ಬಲವಾಗಿದೆ. ಸ್ಕಾಚ್ ಬಹುಪಾಲು ಹಳೆಯ ಪೀಪಾಯಿಯಲ್ಲಿ, ತಂಪು ಹವೆಯಲ್ಲಿ ಮಾಗುತ್ತದೆ. ಬರ್ಬನ್‌ನ ಪೀಪಾಯಿ ಹೊಸದು, ಕೆಂಟಕಿಯ ಬೇಸಿಗೆ ಕಾವಿನದು. ಮರದ ಸಾರ ಬೇಗ ಇಳಿಯುತ್ತದೆ, ವರ್ಷವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಪ್ಯಾಪಿಯ 23 ವರ್ಷದ ಬಾಟಲಿ ಅಪರೂಪವಾಗುವುದು ಇದರಿಂದಲೇ. ಅದರಲ್ಲಿ ಓಕ್ ಮರದ ಒಗರು ಉಳಿದುದನ್ನೆಲ್ಲ ಮುಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ. 15 ವರ್ಷದ್ದಕ್ಕೆ ಮಾತ್ರ ಸಾಟಿಯಿಲ್ಲ ಎಂಬುದನ್ನು ಮನಃಪೂರ್ವಕ ಒಪ್ಪುತ್ತೇನೆ.

ನಮ್ಮ ನಗರದಲ್ಲಿ ವೆಲ್ಲರ್ ಸುಲಭಕ್ಕೆ ಸಿಗುವುದಿಲ್ಲ, ಮೇಕರ್ಸ್ ಮಾರ್ಕ್ ಎಂಬ ಗೋಧಿ ಬರ್ಬನ್ ಸಿಗುತ್ತದೆ. ಶೇ 70 ಮೆಕ್ಕೆಜೋಳ, 16 ಗೋಧಿ, 14 ಬಾರ್ಲಿಯ ಪಾಕ ಅದು. ಬಾಟಲಿಯ ಕುತ್ತಿಗೆಯಿಂದ ಕೆಂಪು ಮೇಣ ಇಳಿದಿರುತ್ತದೆ. 30 ಮಿ.ಲೀ. ಸುರಿದು, ಮಂಜುಗಡ್ಡೆ ಹಾಕದೆ, ಒಂದು ಚಮಚ ನೀರು ಬೆರೆಸಿ ಎರಡು ನಿಮಿಷ ಬಿಡಬೇಕು. ಮೊದಲು ವೆನಿಲಾ, ಆಮೇಲೆ ಕೆಂಪಗೆ ಕಾಯಿಸಿದ ಸಕ್ಕರೆ, ಕೊನೆಯಲ್ಲಿ ಬೇಕರಿಯ ಬಿಸಿ ಬ್ರೆಡ್ಡಿನ ಪರಿಮಳ ಬರುತ್ತದೆ, ಗಂಟಲು ಸುಡುವುದಿಲ್ಲ. 2013ರಲ್ಲಿ ಬೇಡಿಕೆ ಪೂರೈಸಲಾಗದೆ ಆ ಕಂಪನಿ ಮದ್ಯಸಾರವನ್ನು ಶೇ 45ರಿಂದ 42ಕ್ಕೆ ಇಳಿಸಲು ಹೊರಟಾಗ ಗ್ರಾಹಕರು ಪ್ರತಿಭಟಿಸಿದರು, ಕೆಲವೇ ದಿನಗಳಲ್ಲಿ ನಿರ್ಧಾರ ಹಿಂದೆ ಸರಿಯಿತು. ವಿದೇಶದಿಂದ ಬರುವ ಬಂಧುಗಳು ಏನು ತರಲಿ ಎಂದು ಕೇಳಿದರೆ ಹೆವನ್ ಹಿಲ್ ಕಂಪನಿಯ ಲಾರ್ಸೆನಿ ಎಂಬ ಗೋಧಿ ಬರ್ಬನ್ ಹೇಳಬಹುದು. ಅದರಲ್ಲಿ ಗೋಧಿ ಶೇ 20, ಮದ್ಯಸಾರ ಶೇ 46.

2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿದೆ. ಆದುದರಿಂದ ನಮ್ಮ ಬಾರುಗಳ ಕಪಾಟಿನಲ್ಲಿ ಇನ್ನಷ್ಟು ಹೆಸರುಗಳು ಬರಬಹುದು. ಬಾರ್ ಉದ್ಯಮದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ದರಪಟ್ಟಿಯಲ್ಲಿ ಬ್ರ್ಯಾಂಡ್ ಮತ್ತು ಪೆಗ್ಗಿನ ದರ ಮಾತ್ರ ಬರೆಯದೆ, ಗೋಧಿಯದೋ ರೈಯದೋ, ಎಷ್ಟು ವರ್ಷದ್ದು, ಮದ್ಯಸಾರ ಎಷ್ಟು ಎಂಬುದನ್ನೂ ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ನಮೂದಿಸಿ. ದುಬಾರಿ ಬಾಟಲಿಯನ್ನು ಮೇಜಿಗೆ ತಂದು ಗಿರಾಕಿಯ ಎದುರೇ ಸುರಿಯಲು ಹುಡುಗರಿಗೆ ಹೇಳಿ. ಖಾಲಿ ಬಾಟಲಿಯನ್ನು ಭಂಗಾರ್‌ನವರಿಗೆ (ಗುಜರಿಯವರಿಗೆ) ಹಾಗೆಯೇ ಕೊಡಬೇಡಿ, ಹೆಸರಾಂತ ಬಾಟಲಿಗೆ ಕಳಪೆ ಮಾಲು ತುಂಬಿ ಮಾರುವ ದಂಧೆ ನಡೆಯುವುದು ಆ ಖಾಲಿ ಗಾಜಿನಿಂದಲೇ. ಲೇಬಲ್ ಹರಿದು, ಬಾಟಲಿ ಒಡೆದೇ ಕೊಡಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಹೋಟೆಲ್ ಉದ್ಯಮಿ, ಮುಲುಂಡ್, ಮುಂಬಯಿ