ಗ್ರಂಥಾಲಯದಿಂದ ಒಂದೇ ಪುಸ್ತಕದ ಹತ್ತು ಪ್ರತಿ ಕೊಡಿ

ಮಾನ್ಯ ಸಂಪಾದಕರೇ,

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ನಮ್ಮ ಓದುಗರ ಬಳಗಕ್ಕೆ ಹೊಸಬರು ಬಂದು ಸೇರಿದ್ದಾರೆ. ಮನೆ ನೋಡಿಕೊಳ್ಳುವ ಹೆಂಗಸರೇ ಜಾಸ್ತಿ, ಜೊತೆಗೆ ಒಂದಿಬ್ಬರು ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ತಿಂಗಳಿಗೊಂದು ಪುಸ್ತಕ ಓದಿ, ಒಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಮಾತಾಡುತ್ತೇವೆ.

ಮೊದಲು ಬಾನು ಅವರ ‘ಎದೆಯ ಹಣತೆ’ ಓದಿದೆವು. ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ಬಂದು ತಡೆಯುವ ಕತೆ. ಅವತ್ತು ಯಾರಿಗೂ ವಾದ ಮಾಡುವ ಮನಸ್ಸೇ ಬರಲಿಲ್ಲ.

ಆಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೈಗೆತ್ತಿಕೊಂಡೆವು ನೋಡಿ, ಆಗ ಶುರುವಾಯಿತು ಜಗಳ. ಕಾದಂಬರಿ ಬಂದದ್ದು 1976ರಲ್ಲಿ. ಮಲೆನಾಡಿನ ಮನೆಯೊಂದರಲ್ಲಿ ಎಳೇ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ನೂರು ವರ್ಷ ದಾಟುವವರೆಗೂ ಮಡಿಯಲ್ಲೇ ಬದುಕಿದ ಹೆಂಗಸಿನ ಕತೆ. ಮೇಷ್ಟ್ರೊಬ್ಬರು ‘ಎಂಥಾ ಸಹನೆ, ದೇವರಂಥವಳು’ ಅಂದರು. ಬ್ಯಾಂಕಿನ ಹುಡುಗನಿಗೆ ಅದಕ್ಕೇ ಸಿಟ್ಟು ಬಂತು. ಇಷ್ಟೆಲ್ಲ ಆದರೂ ಒಂದು ಮಾತು ತಿರುಗಿ ಆಡದವಳನ್ನು ಹೊಗಳಿದರೆ ತಪ್ಪು ಮಾಡಿದವರನ್ನು ಬಿಟ್ಟುಬಿಟ್ಟ ಹಾಗೇ ಅಲ್ವಾ ಅಂತ ಅವನ ವಾದ. ಆಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಅಮ್ಮ ಒಬ್ಬರು ಪುಸ್ತಕ ತೆಗೆದು ಅದರಲ್ಲಿ ಬರುವ ಎಳೆಯ ವಿಧವೆ ದಾಕ್ಷಾಯಿಣಿಯ ಭಾಗ ಓದಿದರು. ಆ ಹುಡುಗಿ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದಾಗ ಅವಳ ಪರ ನಿಲ್ಲುವವಳು ಇದೇ ಫಣಿಯಮ್ಮ. ತನ್ನ ಮೈಮೇಲೆ ಬಂದದ್ದನ್ನೆಲ್ಲ ಸಹಿಸಿಕೊಂಡವಳು, ಇನ್ನೊಬ್ಬಳ ಮೇಲೆ ಅದು ಬರುವುದನ್ನು ಒಪ್ಪಲಿಲ್ಲ. ನನಗೆ ಇಡೀ ಕಾದಂಬರಿಯ ಜೀವ ಅಲ್ಲೇ ಇದೆ ಅನಿಸುತ್ತದೆ. ಸಹನೆಯನ್ನು ಹೊಗಳುವವರು ಆ ಪುಟಗಳನ್ನು ಬೇಗ ದಾಟಿಬಿಡುತ್ತಾರೆ. ಹುಡುಗನೂ ಸ್ವಲ್ಪ ದುಡುಕಿದ ಅಂತಲೇ ಹೇಳುತ್ತೇನೆ, ಯಾಕೆಂದರೆ ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿದವಳಿಗೆ ಮನೆ ಬಿಟ್ಟರೆ ಹೋಗಲು ಎಲ್ಲಿ ಜಾಗವಿತ್ತು? ಮೇಷ್ಟ್ರು ಇನ್ನೂ ಪೂರ್ತಿ ಒಪ್ಪಿಲ್ಲ. ಮುಂದಿನ ಸಲವೂ ಈ ಮಾತು ಬಂದೇ ಬರುತ್ತದೆ, ಬರಲಿ.

ಇಂಥ ಮಾತುಕತೆ ನಡೆಯಬೇಕಾದರೆ ಎಲ್ಲರ ಕೈಯಲ್ಲೂ ಪುಸ್ತಕ ಇರಬೇಕು. ಕಷ್ಟ ಬರುವುದು ಇಲ್ಲೇ. ಗ್ರಂಥಾಲಯಕ್ಕೆ ಹೋದರೆ ಒಂದು ಪುಸ್ತಕಕ್ಕೆ ಒಂದೇ ಪ್ರತಿ. ಅದನ್ನು ಒಬ್ಬರಾದ ಮೇಲೆ ಒಬ್ಬರು ಓದುವಷ್ಟರಲ್ಲಿ ಮೊದಲು ಓದಿದವರಿಗೆ ಅರ್ಧ ಮರೆತಿರುತ್ತದೆ. ಎಲ್ಲರಿಗೂ ಪ್ರತಿ ತಿಂಗಳು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ, ಮನೆ ಖರ್ಚಿನಲ್ಲಿ ಪುಸ್ತಕಕ್ಕೆ ದುಡ್ಡು ಕೇಳುವುದು ಎಷ್ಟೋ ಹೆಂಗಸರಿಗೆ ಇವತ್ತಿಗೂ ಸುಲಭವಲ್ಲ. ಪುಟಗಳ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಂಚೋಣ ಅಂತ ಕೆಲವರು ಹೇಳಿದರು. ನಾವು ಬೇಡ ಅಂದೆವು. ಬರೆದವರಿಗೂ ಪ್ರಕಾಶಕರಿಗೂ ಅದು ಅನ್ಯಾಯ.

ಸರ್ಕಾರ ಗ್ರಂಥಾಲಯಗಳಿಗಾಗಿ ಸಗಟು ಖರೀದಿಯಲ್ಲಿ ಪುಸ್ತಕಗಳನ್ನು ಕೊಳ್ಳುತ್ತದೆ, ಆದರೆ ಅವು ರಾಜ್ಯದ ತುಂಬಾ ಹಂಚಿಹೋಗುತ್ತವೆ. ಪ್ರತಿ ಊರಿಗೂ ಒಂದು ಪ್ರತಿ ತಲುಪಲಿ, ಅದು ಸರಿಯೇ. ಅದರ ಜೊತೆಗೆ ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯ ಒಂದಿಪ್ಪತ್ತು ಒಳ್ಳೆಯ ಕನ್ನಡ ಪುಸ್ತಕಗಳನ್ನು ಆರಿಸಿ, ಒಂದೊಂದರ ಹತ್ತು ಹತ್ತು ಪ್ರತಿ ಇಟ್ಟುಕೊಂಡು, ಓದುಗರ ಗುಂಪುಗಳಿಗೆ ಒಟ್ಟಾಗಿ ಎರವಲು ಕೊಡಲಿ. ಅಮೆರಿಕ, ಬ್ರಿಟನ್‌ನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳು ಹೀಗೆ ಕೊಡುತ್ತವೆ. ನಮ್ಮಲ್ಲಿ ಆಸ್ತಿ ತೆರಿಗೆ ಕಟ್ಟುವಾಗ ಗ್ರಂಥಾಲಯದ ಸೆಸ್ ಕೂಡ ಕಟ್ಟುತ್ತೇವೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಸೆಸ್ ಅದು. ಹಾಗಾಗಿ ನಾವು ಸುಮ್ನೆ ಪುಕ್ಕಟೆ ಕೇಳುತ್ತಿಲ್ಲ.

ಗುಂಪಿನ ಒಬ್ಬರು ಸಹಿ ಹಾಕಿ ಜವಾಬ್ದಾರಿ ತೆಗೆದುಕೊಳ್ಳಲಿ, ಆರು ವಾರದ ಗಡುವು ಇರಲಿ, ಒಂದು ಪ್ರತಿ ಕಳೆದರೂ ಗುಂಪೇ ಬೆಲೆ ಕೊಡಲಿ. ಒಂದು ತಾಲ್ಲೂಕಿನಲ್ಲಿ ಓದಿ ಮುಗಿದ ಪುಸ್ತಕದ ಕಟ್ಟು ಇನ್ನೊಂದು ತಾಲ್ಲೂಕಿಗೆ ಹೋಗಲಿ. ಗ್ರಂಥಾಲಯ ಇಲಾಖೆ ಒಂದು ಜಿಲ್ಲೆಯಲ್ಲಾದರೂ ಇದನ್ನು ಶುರು ಮಾಡಲಿ, ಮೊದಲ ಅರ್ಜಿ ನಮ್ಮದೇ.

– ಓದುಗರ ಬಳಗದ ಸದಸ್ಯೆ, ಮಲೆನಾಡು