ಬರೆಯುವವಳಿಗೆ ಅಲ್ಲೇನು ಕೆಲಸ?

ಪ್ರೀತಿಯ ತಂಗಿ,

ನಿನ್ನ ಕಾಗದ ಓದಿದೆ. ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕೆಲವು ಕಥೆ, ಅರ್ಧಕ್ಕೆ ನಿಂತ ಒಂದು ನಾಟಕ, ಮಾತನ್ನೂ ಮೈಯನ್ನೂ ಒಟ್ಟಿಗೆ ದುಡಿಸಬೇಕೆಂಬ ಆಸೆ. ಇಷ್ಟನ್ನು ಇಟ್ಟುಕೊಂಡು, ಹಲವು ಕಲೆಗಳನ್ನು ಬೆಸೆದು ಕಲಿಸುವ ಅಂತರಶಿಸ್ತೀಯ ಕಲೆ ಮತ್ತು ಪ್ರದರ್ಶನದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಲೇ ಎಂದು ಕೇಳಿದ್ದೀಯ. ಕೊನೆಯಲ್ಲಿ ಒಂದು ಅನುಮಾನವನ್ನೂ ಸೇರಿಸಿದ್ದೀಯ: ನಾನು ಕುಣಿಯುವವಳಲ್ಲ, ನಟಿಯಲ್ಲ, ಚಿತ್ರ ಬಿಡಿಸುವವಳೂ ಅಲ್ಲ, ಬರೆಯುವವಳಿಗೆ ಅಲ್ಲೇನು ಕೆಲಸ?

ಕೆಲಸ ಬೇಕಾದಷ್ಟಿದೆ. ಆ ಲೋಕದ ಹುಟ್ಟಿನ ಕಥೆಯನ್ನೇ ತೆಗೆದುಕೋ. 1952ರ ಬೇಸಿಗೆಯಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನ ಊಟದ ಹಾಲಿನಲ್ಲಿ ಸಂಗೀತ ಸಂಯೋಜಕ ಜಾನ್ ಕೇಜ್ ಒಂದು ಕಾರ್ಯಕ್ರಮ ಮಾಡಿದ. ಮರ್ಸ್ ಕನಿಂಗ್‌ಹ್ಯಾಮ್ ಕುಣಿದ, ಡೇವಿಡ್ ಟ್ಯೂಡರ್ ಪಿಯಾನೊ ನುಡಿಸಿದ, ಚಾರ್ಲ್ಸ್ ಓಲ್ಸನ್, ಎಂ.ಸಿ. ರಿಚರ್ಡ್ಸ್ ಕವಿತೆ ಓದಿದರು, ರಾಬರ್ಟ್ ರೌಶೆನ್‌ಬರ್ಗ್‌ನ ಬಿಳಿ ಕ್ಯಾನ್ವಾಸುಗಳು ಮೇಲೆ ತೂಗುತ್ತಿದ್ದವು. ಯಾರೂ ಯಾರಿಗೂ ಕಾಯಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದಂತೆ ಎಲ್ಲ ನಡೆಯಿತು. ಹೀಗೆ ಕಥೆಯ ಚೌಕಟ್ಟಿಲ್ಲದೆ ಹಲವು ಕಲೆಗಳು ಒಟ್ಟಿಗೆ ನಡೆಯುವ ‘ಹ್ಯಾಪನಿಂಗ್’ ಎಂಬ ಪ್ರಕಾರದ ಮೂಲ ಹುಡುಕುವವರೆಲ್ಲ ಇಂದಿಗೂ ಇಲ್ಲಿಗೇ ಬಂದು ನಿಲ್ಲುತ್ತಾರೆ. ಆದರೆ ಅಲ್ಲಿ ಆದದ್ದಾದರೂ ಏನು? ಕೇಜ್ ಏಣಿ ಹತ್ತಿದ್ದ ಎಂದು ಕೆಲವರ ನೆನಪು, ಭಾಷಣದ ಪೀಠದ ಹಿಂದೆ ನಿಂತಿದ್ದ ಎಂದು ಇನ್ನು ಕೆಲವರದು. ಯಾರು ಯಾವಾಗ ಏನು ಮಾಡಿದರು, ಎಷ್ಟು ಹೊತ್ತು ಮಾಡಿದರು ಎಂಬುದರಲ್ಲೂ ತಾಳೆ ಇಲ್ಲ. ಹಾಲಿನ ತುಂಬ ಕವಿಗಳು, ಕಲಾವಿದರು, ವಿದ್ಯಾರ್ಥಿಗಳು ಇದ್ದರು. ಕಂಡದ್ದನ್ನು ಕಂಡ ಹಾಗೆ ಅಂದೇ ಬರೆದಿಡುವವರು ಇನ್ನಷ್ಟು ಜನ ಇದ್ದಿದ್ದರೆ ವಿದ್ವಾಂಸರಿಗೆ ಇಷ್ಟು ವರ್ಷದ ಜಗಳ ತಪ್ಪುತ್ತಿತ್ತು.

ಪ್ರದರ್ಶನ ಮುಗಿದ ಮೇಲೆ ಉಳಿಯುವುದು ಬರಹ, ಫೋಟೊ, ವಿಡಿಯೊ ಮತ್ತು ನೋಡಿದವರ ನೆನಪು. ಇವುಗಳನ್ನು ಹೇಗೆ ಕೂಡಿಸಬೇಕು ಎಂಬುದೇ ಈ ಓದಿನ ಅರ್ಧಭಾಗ. ಸಹಪಾಠಿಗಳಲ್ಲಿ ಹೆಚ್ಚಿನವರು ಕುಣಿತದಿಂದಲೋ ರಂಗದಿಂದಲೋ ಶಿಲ್ಪಕಲೆಯಿಂದಲೋ ಬಂದಿರುತ್ತಾರೆ. ಮೈ ಅವರ ಮಾತು ಕೇಳುತ್ತದೆ, ವಾಕ್ಯ ಕೇಳುವುದಿಲ್ಲ. ನಿನಗೆ ವಾಕ್ಯ ಒಲಿದಿದೆ. ಅದನ್ನು ಕೀಳರಿಮೆಯಿಂದ ಮುಚ್ಚಿಟ್ಟುಕೊಂಡು ಹೋಗಬೇಡ.

ಒಂದು ಉದಾಹರಣೆಯನ್ನು ನಿಧಾನವಾಗಿ ನೋಡೋಣ. ತೈವಾನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ತೆಹ್‌ಚಿಂಗ್ ಶಿಯೆ ಎಂಬ ಕಲಾವಿದ 1980ರ ಏಪ್ರಿಲ್ 11ರಿಂದ ಸರಿಯಾಗಿ ಒಂದು ವರ್ಷ, ಹಗಲೂ ರಾತ್ರಿ, ಗಂಟೆಗೊಮ್ಮೆ ಕಾರ್ಖಾನೆ ಕೆಲಸಗಾರರ ಹಾಗೆ ಹಾಜರಿ ಗಡಿಯಾರದಲ್ಲಿ ಕಾರ್ಡ್ ಒತ್ತಿದ. ಒತ್ತಿದಾಗೆಲ್ಲ ಸಿನಿಮಾ ಕ್ಯಾಮೆರಾದಲ್ಲಿ ತನ್ನದೊಂದೇ ಫ್ರೇಮು ತೆಗೆದುಕೊಂಡ. ಶುರುವಿನಲ್ಲಿ ತಲೆ ಬೋಳಿಸಿದ್ದ, ಹಾಗಾಗಿ ವರ್ಷವನ್ನೆಲ್ಲ ಸುಮಾರು ಆರು ನಿಮಿಷಕ್ಕೆ ಇಳಿಸಿದ ಆ ಚಿತ್ರದಲ್ಲಿ ಕೂದಲು ನಮ್ಮ ಕಣ್ಣೆದುರೇ ಭುಜದವರೆಗೆ ಇಳಿಯುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅವನಿಟ್ಟ ಲೆಕ್ಕ. ಒಟ್ಟು 8,760 ಗಂಟೆಗಳಲ್ಲಿ ತಪ್ಪಿಹೋದದ್ದು 133. ಅದರಲ್ಲಿ 94 ಸಲ ನಿದ್ದೆ, 29 ಸಲ ತಡ, 10 ಸಲ ಹೊತ್ತಿಗೆ ಮುಂಚೆಯೇ ಒತ್ತಿಬಿಟ್ಟದ್ದು. ಆ 10ರ ಮುಂದೆ ಸ್ವಲ್ಪ ನಿಲ್ಲು. ನಿದ್ದೆ, ತಡ ಎರಡೂ ಯಾರಿಗಾದರೂ ಅರ್ಥವಾಗುತ್ತವೆ. ಮುಂಚೆ ಒತ್ತಿದವನಲ್ಲಿ ಆತಂಕವಿದೆ, ಗಂಟೆ ಕೈತಪ್ಪೀತೆಂಬ ಭಯವಿದೆ. ಒಂದು ಕಾದಂಬರಿಗೆ ಸಾಲುವಷ್ಟು ಸಂಕಟವನ್ನು ಅವನು ಒಂದು ಪಟ್ಟಿಯೊಳಗೆ ತುಂಬಿಟ್ಟಿದ್ದಾನೆ, ಒಂದೇ ಒಂದು ವಿಶೇಷಣ ಬಳಸದೆ. ಈ ಪಟ್ಟಿ ಆ ಪ್ರದರ್ಶನದ ದಾಖಲೆಯೋ, ಪ್ರದರ್ಶನದ್ದೇ ಭಾಗವೋ? ಇಂಥ ಪ್ರಶ್ನೆ ನಿನ್ನ ನಿದ್ದೆ ಕೆಡಿಸುತ್ತದೆ ಅಂದರೆ ಅರ್ಜಿ ಹಾಕು. ‘ಅದರಲ್ಲೇನಿದೆ’ ಅನ್ನಿಸಿದರೆ ಮನೆಯಲ್ಲೇ ಕೂತು ಆ ನಾಟಕ ಮುಗಿಸು, ಅದಕ್ಕೆ ಡಿಗ್ರಿ ಬೇಕಿಲ್ಲ.

ನಿಜ ಹೇಳಬೇಕೆಂದರೆ, ಬರವಣಿಗೆ ನಿಂತುಹೋಗಿದೆ ಎಂಬ ಕಾರಣಕ್ಕೆ ಈ ಕಡೆ ಹೊರಳುವವರೇ ಜಾಸ್ತಿ. ಅಂಥವರಿಗೆ ಅಲ್ಲಿ ಬರವಣಿಗೆಯ ಜೊತೆಗೆ ಇನ್ನೂ ಮೂರು ಕಲೆಗಳಲ್ಲಿ ನಿಂತುಹೋಗುವ ಅವಕಾಶ ಸಿಗುತ್ತದೆ, ಅಷ್ಟೇ. ಹಾಳೆಯ ಮೇಲೆ ಬಗೆಹರಿಯದ ಒಂದು ಪ್ರಶ್ನೆ ಕೈಯಲ್ಲಿರಬೇಕು. ನಿನ್ನ ನಾಟಕದ ಮೂರನೇ ದೃಶ್ಯದಲ್ಲಿ ಅಜ್ಜಿ ಮಾತು ನಿಲ್ಲಿಸುತ್ತಾಳಲ್ಲ, ಆ ಮೌನವನ್ನು ಬರೆಯಲು ನಾಲ್ಕು ಬಗೆಯಲ್ಲಿ ನೋಡಿ ಕೈಬಿಟ್ಟಿದ್ದೀಯ. ಅದು ಅಂಥ ಪ್ರಶ್ನೆ. ಅದನ್ನು ಒಬ್ಬ ನರ್ತಕಿಯ ಜೊತೆ, ಒಬ್ಬ ಧ್ವನಿ ತಂತ್ರಜ್ಞನ ಜೊತೆ ಕೋಣೆಯೊಂದರಲ್ಲಿ ವಾರಗಟ್ಟಲೆ ಕೂತು ನೋಡಬೇಕು. ಆ ಕೋಣೆ, ಆ ಜನ, ಆ ಬಿಡುವು, ಇವೇ ಈ ಕೋರ್ಸುಗಳು ಕೊಡುವ ನಿಜವಾದ ಆಸ್ತಿ.

ಇನ್ನು ಎಲ್ಲಿ ಓದಬೇಕೆಂಬ ಮಾತು. ಹೆಸರುಗಳು ಹತ್ತಾರಿವೆ, ಮನೋಧರ್ಮ ಎರಡೇ. ಒಂದು, ಪ್ರದರ್ಶನವನ್ನು ಮನುಷ್ಯರ ನಡವಳಿಕೆಯಾಗಿ ಅಧ್ಯಯನ ಮಾಡುವುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಪರ್ಫಾರ್ಮೆನ್ಸ್ ಸ್ಟಡೀಸ್ ವಿಭಾಗ ರೂಪುಗೊಂಡದ್ದು ಈ ದಾರಿಯಲ್ಲಿ. ಅದರ ಹಿಂದಿದ್ದ ರಿಚರ್ಡ್ ಶೆಕ್ನರ್ ಸ್ವತಃ ನಿರ್ದೇಶಕ, ಆದರೂ ಸುಮಾರು ಒಂದು ತಿಂಗಳು ಇಡೀ ಊರನ್ನೇ ರಂಗವಾಗಿಸಿಕೊಳ್ಳುವ, ವಾರಾಣಸಿ ಬಳಿಯ ರಾಮನಗರದ ರಾಮಲೀಲೆಯನ್ನು ಬೆನ್ನುಹತ್ತಿ ನೋಡಿ ಬರೆದವನು. ಈ ಕಡೆ ಹೋದರೆ ಮದುವೆ, ಮೆರವಣಿಗೆ, ಕೋರ್ಟು, ಕ್ರಿಕೆಟ್ಟು ಎಲ್ಲವೂ ನಿನ್ನ ಪಠ್ಯ. ಎರಡನೆಯದು, ಮಾಡುತ್ತ ಯೋಚಿಸುವುದು. ಜರ್ಮನಿಯ ಗೀಸೆನ್‌ನಲ್ಲಿ 1982ರಲ್ಲಿ ಆಂದ್ರೆಯ್ ವಿರ್ತ್ ಶುರುಮಾಡಿದ ಅನ್ವಯಿಕ ರಂಗ ಅಧ್ಯಯನ ಸಂಸ್ಥೆ ಇದಕ್ಕೆ ಒಳ್ಳೆಯ ಮಾದರಿ. ಸಿದ್ಧಾಂತದ ತರಗತಿಯೂ ತಾಲೀಮಿನ ಕೋಣೆಯೂ ಅಲ್ಲಿ ಬೇರೆಬೇರೆ ಅಲ್ಲ. ಅಲ್ಲಿ ಓದಿದವರು ಕಟ್ಟಿದ ರಿಮಿನಿ ಪ್ರೊಟೊಕಾಲ್ ತಂಡ 2008ರಲ್ಲಿ ಬರ್ಲಿನ್ನಿನ ನೂರು ನಿವಾಸಿಗಳನ್ನು ವೇದಿಕೆಗೆ ತಂದಿತು. ನಟರು ಯಾರೂ ಇಲ್ಲ. ಒಬ್ಬರು ಮುಂದಿನವರನ್ನು ಸೂಚಿಸುತ್ತ ಹೋಗುವ ಸರಪಳಿ. ವಯಸ್ಸು, ಲಿಂಗ, ಬಡಾವಣೆಗಳ ಲೆಕ್ಕದಲ್ಲಿ ಆ ನೂರು ಜನ ಇಡೀ ನಗರಕ್ಕೆ ಸರಿಹೊಂದಬೇಕು. ಇಂಥದ್ದರಲ್ಲಿ ಬರೆಯುವವಳ ಕೆಲಸ ಏನೆಂದು ಯೋಚಿಸು. ಯಾರಿಗೆ ಯಾವ ಪ್ರಶ್ನೆ ಕೇಳಬೇಕು, ಯಾವ ಉತ್ತರದ ಪಕ್ಕ ಯಾವುದು ಬರಬೇಕು, ಎಲ್ಲಿ ಮಾತು ನಿಂತು ಜನ ಸುಮ್ಮನೆ ಜಾಗ ಬದಲಿಸಬೇಕು. ಸಂಭಾಷಣೆ ಹೆಣೆಯುವುದಕ್ಕಿಂತ ಇದು ಕಷ್ಟ.

ನನ್ನ ಓಟು ಎರಡನೆಯದಕ್ಕೆ. ಮೊದಲನೆಯದರಲ್ಲಿ ಓದು ಸಮೃದ್ಧ, ಒಪ್ಪುತ್ತೇನೆ, ಆದರೆ ಪರಿಭಾಷೆಯ ಹೊಳೆಗೆ ಬಿದ್ದರೆ ಯುವ ಬರಹಗಾರರ ಗದ್ಯ ಹತ್ತು ವರ್ಷ ಮೇಲೇಳುವುದಿಲ್ಲ. ‘ದೇಹ’ ಎಂಬುದು ಒಂದೇ ಪುಟದಲ್ಲಿ ಹನ್ನೆರಡು ಸಲ ಬಂದು, ಒಂದು ಮೊಣಕಾಲಾಗಲಿ ಒಂದು ಹೆಬ್ಬೆರಳಾಗಲಿ ಕಾಣಿಸದ ಪ್ರಬಂಧಗಳನ್ನು ಓದಿ ಓದಿ ಸಾಕಾಗಿದೆ.

ಡಿಗ್ರಿಗಳ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಸಾಮಾನ್ಯವಾಗಿ ಎರಡು ಮೂರು ವರ್ಷದ್ದು, ಕಲಾಭ್ಯಾಸಕ್ಕೆ ಅಲ್ಲಿ ಅದೇ ಕೊನೆಯ ಪದವಿ ಎಂದು ಲೆಕ್ಕ, ಪಾಠ ಹೇಳಲೂ ಸಾಕಾಗುತ್ತದೆ. ಬ್ರಿಟನ್ನಿನ ಎಂ.ಎ. ಹೆಚ್ಚಾಗಿ ಒಂದೇ ವರ್ಷ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮುಂದೆ ಪಿಎಚ್.ಡಿ. ಮಾಡುವ ಮನಸ್ಸಿದ್ದರೆ, ಪ್ರಯೋಗವನ್ನೇ ಸಂಶೋಧನೆಯೆಂದು ಒಪ್ಪುವ ವಿಶ್ವವಿದ್ಯಾಲಯಗಳಿವೆ. ಅಲ್ಲಿ ನಿನ್ನ ಪ್ರದರ್ಶನವೂ ಅದರ ಜೊತೆಗಿನ ಬರಹವೂ ಸೇರಿ ಪ್ರಬಂಧವಾಗುತ್ತವೆ.

ದುಡ್ಡಿನ ಬಗ್ಗೆ ಸಂಕೋಚ ಬೇಡ. ಫೀಸಿನಲ್ಲಿ ಎಷ್ಟು ಮಾಫಿ, ಪಾಠ ಹೇಳಿದರೆ ಸಂಬಳ ಎಷ್ಟು, ಅದು ಎರಡನೇ ವರ್ಷಕ್ಕೂ ಇರುತ್ತದೆಯೇ ಎಂದು ಬರಹದಲ್ಲೇ ಕೇಳು. ಪ್ರದರ್ಶನದ ಖರ್ಚು ಯಾರದ್ದು ಎಂದೂ ಕೇಳು, ಇದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. ಸಾಲ ಮಾಡಿ ಈ ಓದಿಗೆ ಹೋಗಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ, ಸಾಲ ತೀರಿಸುವಂಥ ನೌಕರಿ ಈ ಡಿಗ್ರಿಯ ಹಿಂದೆ ಓಡಿಬರುವುದಿಲ್ಲ.

ಈಗ ಓದುತ್ತಿರುವ ಒಬ್ಬಿಬ್ಬರನ್ನು ಹುಡುಕಿ ಮಾತಾಡಿಸು. ತಾಲೀಮಿನ ಕೋಣೆ ರಾತ್ರಿ ತೆರೆದಿರುತ್ತದೆಯೇ? ಬೇರೆ ವಿಭಾಗದ ತರಗತಿಗೆ ನಿಜವಾಗಿ ಸೇರಿಸಿಕೊಳ್ಳುತ್ತಾರೆಯೇ, ಇಲ್ಲ ಅಂತರಶಿಸ್ತೀಯ ಎಂಬುದು ಬರೀ ಬೋರ್ಡೇ? ನಾಲ್ವರು ಸೇರಿ ಮಾಡಿದ ಕೆಲಸಕ್ಕೆ ಅಂಕ ಹಂಚುವುದು ಹೇಗೆ? ನೀನು ನೆಚ್ಚಿಕೊಂಡ ಪ್ರಾಧ್ಯಾಪಕರು ನೀನು ಹೋಗುವ ವರ್ಷ ರಜೆಯ ಮೇಲಿದ್ದಾರೆಯೇ? ಇಂಥ ವಿಭಾಗಗಳ ಆಯಸ್ಸೂ ಗಟ್ಟಿಯಲ್ಲ. ಬ್ಲ್ಯಾಕ್ ಮೌಂಟನ್ 1933ರಲ್ಲಿ ತೆರೆದು 1957ರಲ್ಲಿ ಮುಚ್ಚಿತು. ಇಂಗ್ಲೆಂಡಿನಲ್ಲಿ 1961ರಿಂದ ಇದ್ದ ಡಾರ್ಟಿಂಗ್ಟನ್ ಕಲಾ ಕಾಲೇಜು ಫಾಲ್ಮತ್‌ನ ಸಂಸ್ಥೆಯೊಂದಿಗೆ ವಿಲೀನವಾಗಿ 2010ರಲ್ಲಿ ತನ್ನ ಜಾಗವನ್ನೇ ಬಿಟ್ಟಿತು. ವಿಭಾಗವನ್ನು ಸೇರಿಸುವ, ಮುಚ್ಚುವ ಮಾತು ನಡೆದಿದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಅರ್ಜಿಯ ಜೊತೆ ಕಳಿಸುವ ಉದ್ದೇಶ ಪತ್ರದಲ್ಲಿ ‘ಚಿಕ್ಕಂದಿನಿಂದಲೂ ನನಗೆ ಕಲೆಯಲ್ಲಿ ಆಸಕ್ತಿ’ ಎಂದು ಶುರು ಮಾಡಿದರೆ ಓದುವವರು ಅಲ್ಲೇ ಪುಟ ತಿರುಗಿಸುತ್ತಾರೆ. ಅಜ್ಜಿಯ ಮೌನದಿಂದ ಶುರುಮಾಡು. ಏನು ಪ್ರಯತ್ನಿಸಿದೆ, ಯಾವುದು ಕೈಕೊಟ್ಟಿತು, ಈಗ ಯಾರ ನೆರವು ಬೇಕು ಎಂದು ನೇರವಾಗಿ ಹೇಳು. ವಿಡಿಯೊ ಕಳಿಸುವುದಾದರೆ ಸಂಗೀತ ಹಾಕಿ ಕತ್ತರಿಸಿ ಅಂದಗಾಣಿಸಿದ ತುಣುಕುಗಳಿಗಿಂತ, ಕ್ಯಾಮೆರಾ ಒಂದೇ ಕಡೆ ನಿಲ್ಲಿಸಿ ತೆಗೆದ ಐದು ನಿಮಿಷ ವಾಸಿ. ಶಿಫಾರಸು ಪತ್ರವನ್ನು ದೊಡ್ಡ ಹೆಸರಿನವರಿಂದ ಬೇಡ, ನಿನ್ನ ತಾಲೀಮು ನೋಡಿದವರಿಂದ ಬರೆಸು. ನನ್ನದು ಬೇಕಾದರೆ ಬರೆದುಕೊಡುತ್ತೇನೆ, ಆದರೆ ನಾನು ನಿನ್ನ ಬರಹ ಮಾತ್ರ ಕಂಡವನು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ.

ಅಷ್ಟರೊಳಗೆ ಒಂದು ಅಭ್ಯಾಸ. ಯಾವುದಾದರೂ ಪ್ರದರ್ಶನ ನೋಡಿ ಬಂದ ರಾತ್ರಿಯೇ ಎರಡು ಪುಟ ಬರೆ. ಚೆನ್ನಾಗಿತ್ತು, ಕೆಟ್ಟದಾಗಿತ್ತು ಎಂಬ ಮಾತಿಗೆ ಅದರಲ್ಲಿ ಜಾಗವಿಲ್ಲ. ಬೆಳಕು ಯಾವ ಕಡೆಯಿಂದ ಬಂತು, ಯಾರು ಯಾವ ಕಾಲು ಮೊದಲು ಊರಿದರು, ಪ್ರೇಕ್ಷಕರು ಎಲ್ಲಿ ಕೆಮ್ಮಿದರು, ಇಷ್ಟೇ. ವಾರ ಬಿಟ್ಟು ಅದನ್ನು ಆ ಪ್ರದರ್ಶನ ನೋಡಿರದ ಒಬ್ಬರಿಗೆ ಓದಿ ಹೇಳಿ, ಅವರ ಕಣ್ಣಿಗೆ ಏನು ಕಟ್ಟಿತೆಂದು ಕೇಳು. ಅಂಥ ಬರಹ ಮೂರ್ನಾಲ್ಕು ಕೂಡಿದ ಮೇಲೆ ಉದ್ದೇಶ ಪತ್ರಕ್ಕೆ ಕೈಹಾಕು. ಮೊದಲ ಕರಡು ನಿನ್ನಲ್ಲೇ ಇರಲಿ, ಎರಡನೆಯದನ್ನು ನನಗೆ ಕಳಿಸು.

ಇಂತಿ ನಿನ್ನ,
ಹಿರಿಯ ಮಿತ್ರ