ರಾಜಿ ಅರ್ಜಿಯಲ್ಲಿ ಮನೆಯ ಚಕ್ಕುಬಂದಿ ಬರೆಯಿರಿ

ಮಾನ್ಯ ಸಂಪಾದಕರೇ,

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಿಂದಾಗಿ ಪಕ್ಕದ ಗೋವಾದಲ್ಲಿ ಅಂಥ ಪದ್ಧತಿ ಉಂಟು. ನಮ್ಮಲ್ಲಿ ಇಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ಮಾತ್ರ ಹೇಳುತ್ತದೆ. ಗಂಡನ ಆಸ್ತಿಯಲ್ಲಿ ಪಾಲು ಕೊಡಿಸುವ ತಿದ್ದುಪಡಿ ಮಸೂದೆಗೆ 2013ರಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತ್ತು, ಆದರೆ ಲೋಕಸಭೆಯಲ್ಲಿ ಅಂಗೀಕಾರವಾಗದೆ, 2014ರಲ್ಲಿ ಆ ಸಭೆಯ ಅವಧಿ ಮುಗಿದಾಗ ಅದೂ ರದ್ದಾಯಿತು. ಹಾಗಾಗಿ ಕ್ರಯಪತ್ರ ಯಾರ ಹೆಸರಿನಲ್ಲಿದೆಯೋ ಆಸ್ತಿ ಅವರದೇ. ಹತ್ತು ವರ್ಷ ಮನೆ ನಡೆಸಿದವಳ ದುಡಿಮೆಗೆ ಜೀವನಾಂಶದ ಲೆಕ್ಕದಲ್ಲಿ ಅಷ್ಟಿಷ್ಟು ಬೆಲೆ ಸಿಗಬಹುದು, ಮಾಲೀಕತ್ವದಲ್ಲಿ ಸಿಗುವುದಿಲ್ಲ. ಇದು ಅನ್ಯಾಯ, ಕಾನೂನು ಬದಲಾಗಲೇಬೇಕು.

ಅಲ್ಲಿಯವರೆಗೆ ಹೆಚ್ಚು ಜನ ಎಡವುತ್ತಿರುವುದು ಇಬ್ಬರ ಹೆಸರಿನಲ್ಲೂ ಸಾಲದ ಮೇಲೆ ಕೊಂಡ ಫ್ಲ್ಯಾಟಿನ ವಿಷಯದಲ್ಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದ ರಾಜಿ ಅರ್ಜಿಯಲ್ಲಿ ‘ಮನೆಯನ್ನು ಹೆಂಡತಿಗೆ ಬಿಟ್ಟುಕೊಟ್ಟಿದ್ದೇನೆ’ ಎಂದು ಒಂದೇ ಸಾಲು ಬರೆದು ಸಹಿ ಹಾಕಿಬಿಡುತ್ತಾರೆ. ಆಸ್ತಿಯ ವಿವರಪಟ್ಟಿಯಾದ ಷೆಡ್ಯೂಲ್ ಇಲ್ಲ, ಸ್ಥಳೀಯ ಸಂಸ್ಥೆಯ ಆಸ್ತಿ ಖಾತೆ ಸಂಖ್ಯೆ ಇಲ್ಲ, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯೂ ಇಲ್ಲ. ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ, ಪ್ರಕರಣದ ವ್ಯಾಜ್ಯದ ವಿಷಯವೇ ಆಗಿರದ ಸ್ಥಿರಾಸ್ತಿ ರಾಜಿ ಡಿಕ್ರಿಯೊಳಗೆ (ರಾಜಿಯ ಮೇಲೆ ಕೋರ್ಟ್ ಕೊಡುವ ತೀರ್ಪಿನ ಆದೇಶ) ಬಂದರೆ ಆ ಡಿಕ್ರಿಯನ್ನು ನೋಂದಾಯಿಸಬೇಕಾಗುತ್ತದೆ. ಇದು ಯಾರಿಗೂ ನೆನಪಿರುವುದಿಲ್ಲ. ನಾಲ್ಕೈದು ವರ್ಷದ ಮೇಲೆ ಮನೆ ಮಾರಲು ಹೊರಟಾಗ ಇ.ಸಿ.ಯಲ್ಲೂ (ಋಣಭಾರ ಪ್ರಮಾಣಪತ್ರ) ಖಾತೆಯಲ್ಲೂ ಹಳೆಯ ಗಂಡನ ಹೆಸರು ಹಾಗೇ ಕೂತಿರುತ್ತದೆ. ಅವನ ಸಹಿಗಾಗಿ ಮತ್ತೆ ಅವನ ಬಾಗಿಲಿಗೇ ಹೋಗಬೇಕು.

ಷೆಡ್ಯೂಲ್ ಬರೆದ ಮೇಲೂ ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ನೋಂದಾಯಿತ ಹಕ್ಕು ಖುಲಾಸೆ ಪತ್ರ ಮಾಡಿಸಿಕೊಳ್ಳುವುದೇ ಕ್ಷೇಮ. ಅದಕ್ಕೂ ಮೊದಲು ಬ್ಯಾಂಕಿಗೆ ಹೋಗಿ. ಕೋರ್ಟಿನ ಡಿಕ್ರಿಯಲ್ಲಿ ಬ್ಯಾಂಕ್ ಪಕ್ಷಗಾರನಲ್ಲ, ಆದ್ದರಿಂದ ‘ಇನ್ನು ಕಂತು ಅವಳದು’ ಎಂದು ಡಿಕ್ರಿಯಲ್ಲಿ ಬರೆದ ಮಾತ್ರಕ್ಕೆ ಅವನು ಸಾಲದಿಂದ ಬಿಡುಗಡೆಯಾಗುವುದಿಲ್ಲ. ಕಂತು ತಪ್ಪಿದರೆ ನೋಟಿಸು ಇಬ್ಬರಿಗೂ ಬರುತ್ತದೆ, ಸಿಬಿಲ್ ಅಂಕ ಇಬ್ಬರದೂ ಕುಸಿಯುತ್ತದೆ. ಮನೆ ಉಳಿಸಿಕೊಳ್ಳುವವರ ಒಬ್ಬರ ಆದಾಯದ ಮೇಲೆ ಸಾಲ ಮುಂದುವರಿಸಲು ಬ್ಯಾಂಕ್ ಲಿಖಿತವಾಗಿ ಒಪ್ಪಬೇಕು. ಒಪ್ಪದಿದ್ದರೆ ತಂದೆಯನ್ನೋ ಅಣ್ಣನನ್ನೋ ಸಹಸಾಲಗಾರರಾಗಿ ಸೇರಿಸಬೇಕು, ಇಲ್ಲವೇ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳಬೇಕು.

ಲೆಕ್ಕವೂ ತಪ್ಪುತ್ತದೆ. ಮನೆಯ ಬೆಲೆ 80 ಲಕ್ಷ, ಬಾಕಿ ಸಾಲ 45 ಲಕ್ಷ ಎನ್ನಿ. ಹಂಚಲು ಇರುವುದು 35 ಲಕ್ಷ, ಸಮಪಾಲಾದರೆ ತಲಾ ಹದಿನೇಳೂವರೆ. ಸಾಲ ಮರೆತು ನಲವತ್ತು ಲಕ್ಷ ಕೇಳಿ ಮಾತುಕತೆ ಮುರಿದುಕೊಂಡವರು ಅನೇಕರು.

ಖುಲಾಸೆ ಪತ್ರದ ದಿನವನ್ನು ಎಚ್ಚರದಿಂದ ಗೊತ್ತುಮಾಡಿ. ಡಿಕ್ರಿ ಬಂದ ಮೇಲೆ ನೀವು ಗಂಡ–ಹೆಂಡತಿಯಲ್ಲ, ಕುಟುಂಬದವರ ನಡುವಿನ ಪತ್ರಕ್ಕೆ ಇರುವ ಮುದ್ರಾಂಕ ಶುಲ್ಕದ ರಿಯಾಯಿತಿ ಕೈತಪ್ಪಬಹುದು. ತೀರಾ ಬೇಗ ಬರೆದುಕೊಟ್ಟರೆ ಡಿಕ್ರಿಗೆ ಮುನ್ನ ಇನ್ನೊಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳುವ ಅಪಾಯವಿದೆ. ಅಂತಿಮ ವಿಚಾರಣೆಯ ಹಿಂದಿನ ವಾರ, ಉಪನೋಂದಣಾಧಿಕಾರಿ ಕಚೇರಿಯಲ್ಲೇ ಒಂದು ಕೈಯಲ್ಲಿ ಡಿ.ಡಿ., ಇನ್ನೊಂದು ಕೈಯಲ್ಲಿ ಸಹಿ ಎಂದು ರಾಜಿ ಷರತ್ತಿನಲ್ಲೇ ಬರೆದುಕೊಳ್ಳಿ. ಒಬ್ಬರು ವಿದೇಶದಲ್ಲಿದ್ದರೆ ಅಧಿಕಾರ ಪತ್ರಕ್ಕೆ ಅಲ್ಲಿನ ಭಾರತೀಯ ದೂತಾವಾಸದಲ್ಲೋ ನೋಟರಿಯ ಮುಂದೆಯೋ ದೃಢೀಕರಣ ಬೇಕು, ಪತ್ರ ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಸ್ತ್ರೀಧನ, ಅಂದರೆ ತವರಿನಿಂದ, ಮದುವೆಯಲ್ಲಿ ಹೆಂಡತಿಗೆ ಬಂದ ಒಡವೆ–ವಸ್ತು, ಹಂಚಿಕೆಯ ವಿಷಯವೇ ಅಲ್ಲ, ಅದು ಪೂರ್ತಿ ಅವಳದು. 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಸೋಲುವುದು ಸಾಕ್ಷ್ಯದಲ್ಲಿ: ತವರಿನ ಸರ ಮುರಿಸಿ ಬಳೆ ಮಾಡಿಸಿದಾಗ ಹಳೆಯ ತೂಕ ಕಾಣಿಸುವ ಬಿಲ್ಲನ್ನು ಯಾರೂ ಇಟ್ಟುಕೊಂಡಿರುವುದಿಲ್ಲ.

ರಾಜಿ ಅರ್ಜಿ ಸ್ವೀಕರಿಸುವಾಗಲೇ ಆಸ್ತಿಯ ಷೆಡ್ಯೂಲ್, ಬಾಕಿ ಸಾಲದ ಪತ್ರ ಮತ್ತು ಬ್ಯಾಂಕಿನ ಒಪ್ಪಿಗೆ ಇವೆಯೇ ಎಂದು ನಮ್ಮ ಕೌಟುಂಬಿಕ ನ್ಯಾಯಾಲಯಗಳು ಪರಿಶೀಲಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಪುಟದ ನಮೂನೆ ಸಾಕು.

– ಕೌಟುಂಬಿಕ ಪ್ರಕರಣಗಳ ವಕೀಲರು, ಧಾರವಾಡ